ಬೇಸಿಗೆಯಲ್ಲಿ ಬರೆದ ಸೇತುವೆ

ಮಲೆನಾಡಿನಲ್ಲಿ ಯಾರಿಗಾದರೂ ನಾಲ್ಕು ಜನರಿಗೆ ಕಾಡು ತೋರಿಸುವ ಮನಸ್ಸು ಬಂತು ಅಂತಿಟ್ಟುಕೊಳ್ಳಿ. ದಾರಿ ಸವರುವುದಕ್ಕೂ ಮೊದಲೇ ಒಂದು ಸೇತುವೆಯ ಚಿತ್ರ ಹುಟ್ಟಿಬಿಡುತ್ತದೆ. ವಾಟ್ಸಾಪ್‌ನಲ್ಲಿ ನಿಮಗೂ ಬಂದಿರುತ್ತೆ ನೋಡಿ. ಕಡು ಕಂದು ಹಲಗೆ, ಎರಡೂ ಕಡೆ ಮುದ್ದಾದ ಕಟಾಂಜನ, ಹಿಂದೆ ಹದವಾಗಿ ಕವಿದ ಮಂಜು, ನಡುವೆ ಬೆನ್ನಿಗೆ ಚೀಲ ಏರಿಸಿಕೊಂಡು ನಿಂತ ಒಂದು ಜೋಡಿ. ಕೆಳಗೆ ಹಳ್ಳ. ಹಳ್ಳದಲ್ಲಿ ಪಾದ ಮುಳುಗುವಷ್ಟು ನೀರು, ಅದೂ ಕನ್ನಡಿಯಂಥದ್ದು. ಇಡೀ ಚಿತ್ರ ಹಸಿರೋ ಹಸಿರು. ಆ ಹಸಿರನ್ನು ಹುಟ್ಟಿಸಿದ ಮಳೆ ಮಾತ್ರ ಅದರಲ್ಲಿ ಎಲ್ಲೂ ಇರುವುದಿಲ್ಲ.

ಇಂಥದ್ದೇ ಒಂದು ಮಾಡಿಕೊಡು ಅಂತ ನನ್ನನ್ನೂ ಕೇಳಿದರು. ನಮ್ಮೂರು ಲಿಂಗನಮಕ್ಕಿ ಹಿನ್ನೀರಿನಿಂದ ಮೇಲಕ್ಕೆ, ಹೊಸನಗರ ತಾಲೂಕಿನ ಕಡೆ. ಊರಿನಿಂದ ಒಂದು ಅಬ್ಬಿಯವರೆಗೆ ಮೂರು ಕಿಲೋಮೀಟರ್ ನೇಚರ್ ಟ್ರೇಲ್ ಮಾಡುವ ಯೋಚನೆ ಕೆಲವರದು. ಯಾರು ಅಂತ ಹೆಸರು ಬೇಡ, ಕೆಟ್ಟವರೇನಲ್ಲ. ದಾರಿ ಮಧ್ಯೆ ಹಳ್ಳ. "ನೀನು ಬಿ.ಇ. ಅಲ್ದನಾ, ಕಂಪ್ಯೂಟರಲ್ಲಿ ಒಂದು ಬ್ರಿಜ್ ಬರೆದ್ಕೊಡು" ಅಂದರು. ಊರಲ್ಲಿ ಬಿ.ಇ. ಅಂದರೆ ಬಿ.ಇ. ಅಷ್ಟೇ, ಸಿವಿಲ್ಲು, ಕಂಪ್ಯೂಟರ್ರು ಅಂತೆಲ್ಲ ಭೇದ ಇಲ್ಲ. ಡಿಶ್ ಆಂಟೆನಾ ಕೆಟ್ಟರೂ ನನ್ನನ್ನೇ ಕರೆಯುತ್ತಾರೆ. ನಾನು ಓದಿದ್ದು ಕಂಪ್ಯೂಟರ್ ಸೈನ್ಸು. ಆದರೆ ನಮ್ಮ ಕಾಲದಲ್ಲಿ ವಿಟಿಯುನಲ್ಲಿ ಓದಿದ ಯಾರನ್ನೇ ಕೇಳಿ, ಮೊದಲ ವರ್ಷ ಎಲ್ಲ ಬ್ರಾಂಚಿನವರೂ ಸಿವಿಲ್ ಮೂಲಪಾಠ ಮತ್ತು ಎಂಜಿನಿಯರಿಂಗ್ ಮೆಕ್ಯಾನಿಕ್ಸ್ ದಾಟಿಯೇ ಮುಂದೆ ಬರಬೇಕಿತ್ತು. ತೊಲೆ ಹೇಗೆ ಬಾಗುತ್ತೆ ಅನ್ನುವಷ್ಟು ನೆನಪಿದೆ. ಉಳಿದದ್ದಕ್ಕೆ ಸಿವಿಲ್ ಓದಿದ ಗೆಳೆಯ ಇದ್ದಾನೆ.

ಮಾಡೆಲ್ ಮಾಡುವುದು ಎಷ್ಟು ಸುಲಭ ಅಂದರೆ ಹೆದರಿಕೆಯಾಗಬೇಕು. ಫ್ರೀಕ್ಯಾಡ್, ಬ್ಲೆಂಡರ್ ಎರಡೂ ಪುಕ್ಕಟೆ ಸಿಗುತ್ತವೆ. ಒಂದು ಭಾನುವಾರ ಕೂತರೆ 9 ಮೀಟರ್ ಉದ್ದ, 1.2 ಮೀಟರ್ ಅಗಲದ ಸೇತುವೆ ಎದ್ದು ನಿಲ್ಲುತ್ತದೆ. ಹಲಗೆಗೆ ಸಾಗುವಾನಿಯ ಟೆಕ್ಸ್ಚರ್ ಅಂಟಿಸಿದರೆ ಸಾಗುವಾನಿ, ಬಿದಿರಿನದು ಅಂಟಿಸಿದರೆ ಬಿದಿರು; ಚಿತ್ರ ಬರೆಯುವ ತಂತ್ರಾಂಶಕ್ಕೆ ಎರಡೂ ಬರೀ ಬಣ್ಣ. ನೀವು ಎರಡೂ ಕಡೆಯ ದಡವನ್ನೇ ಅಳಿಸಿಹಾಕಿ ನೋಡಿ, ಸೇತುವೆ ಗಾಳಿಯಲ್ಲಿ ಹಾಗೇ ನಿಂತಿರುತ್ತದೆ. ಗುರುತ್ವ ಅಂತ ಒಂದಿದೆ ಎಂದು ನಾವಾಗಿ ಹೇಳಿಕೊಡದಿದ್ದರೆ ಅದಕ್ಕೆ ಆ ಚಿಂತೆ ಇಲ್ಲ. ಭಾರ, ಬಾಗು, ಒತ್ತಡ ಲೆಕ್ಕ ಹಾಕುವ ಸ್ಟಾಡ್‌ನಂಥ ತಂತ್ರಾಂಶಗಳು ಬೇರೆಯೇ ಇವೆ. ಅವು ನೋಡಲು ಒಣ ಒಣ, ಗೆರೆ ಮತ್ತು ಅಂಕಿ. ಮೀಟಿಂಗಿನಲ್ಲಿ ಪರದೆಯ ಮೇಲೆ ಅವನ್ನು ಯಾರೂ ತೋರಿಸುವುದಿಲ್ಲ. ಮಂಜು ಇರುವ ಚಿತ್ರ ತೋರಿಸುತ್ತಾರೆ, ಎಲ್ಲರೂ ತಲೆಯಾಡಿಸುತ್ತಾರೆ, ಟೀ ಬರುತ್ತದೆ.

ನನಗೆ ಬಂದ ಬೇಡಿಕೆಗಳನ್ನು ಕೇಳಿ. ನಡುವೆ ಸ್ವಲ್ಪ ಉಬ್ಬಿದ ಜಾಗ ಬೇಕು, ಸೆಲ್ಫಿಗೆ. ಕಮಾನಿನ ಥರ ಇದ್ದರೆ ಚಂದ. ರಾತ್ರಿಗೆ ಎಲ್‌ಇಡಿ ಹಾಕಬಹುದಾ? ಸರಿ, ಕೇಳುವುದರಲ್ಲಿ ತಪ್ಪಿಲ್ಲ. ನಾನು ಕೇಳಿದ್ದು ಒಂದೇ: ಈ 9 ಮೀಟರ್ ಅಳೆದದ್ದು ಯಾವ ತಿಂಗಳು? ಜನವರಿ ಅಂದರು. ಮಳೆಗಾಲದಲ್ಲಿ ನೀರು ಎಲ್ಲಿಗೆ ಬರುತ್ತೆ? "ಅದು ಕಂಟ್ರಾಕ್ಟರ್ ನೋಡ್ಕೊಳ್ತಾನೆ ಬಿಡು."

ನನ್ನ ತಕರಾರೆಲ್ಲ ಇರುವುದು ಈ ಒಂದು ಮಾತಿನ ಮೇಲೆ. ತೀರ್ಥಹಳ್ಳಿ ತಾಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಹೊಸನಗರದ ಹುಲಿಕಲ್, ಮಾಸ್ತಿಕಟ್ಟೆ ಕಡೆಯವರೂ ಆ ಲೆಕ್ಕದಲ್ಲಿ ಹಿಂದೆ ಬೀಳುವವರಲ್ಲ. ಇಂಥ ನೆಲದಲ್ಲಿ ಹಳ್ಳದ ಅಗಲ ಎನ್ನುವುದು ಒಂದು ಅಂಕಿಯೇ ಅಲ್ಲ. ಜನವರಿಗೊಂದು, ಜುಲೈಗೊಂದು. ನಮ್ಮೂರಲ್ಲಿ ಪ್ರತಿವರ್ಷ ಸಂಕ ಹಾಕುವ ಹಿರಿಯರೊಬ್ಬರನ್ನು ಕರೆದುಕೊಂಡು ಹೋಗಿ ಕೇಳಿದೆ. ಅವರು ಯಾವ ಟೇಪೂ ಹಿಡಿಯಲಿಲ್ಲ. ದಡದ ಮರವೊಂದರ ಕೊಂಬೆ ತೋರಿಸಿದರು. ಆಳೆತ್ತರದಲ್ಲಿ ಒಣಗಿದ ಹುಲ್ಲು, ಬೇರು, ಒಂದು ಪ್ಲಾಸ್ಟಿಕ್ ಕೊಟ್ಟೆ ಸಿಕ್ಕಿಕೊಂಡಿದ್ದವು. "ಹೋದ ಆಟಿ ಮಳೆಲಿ ನೀರು ಬಂದದ್ದು ಅಲ್ಲಿಗೆ" ಅಂದರು. ಈಚೆ ದಡದಲ್ಲೂ ಅದೇ ಮಟ್ಟದಲ್ಲಿ ಅಂಥದ್ದೇ ಕಸದ ಗೆರೆ. ಎರಡರ ನಡುವೆ ಅಳೆದರೆ 14 ಮೀಟರ್.

9 ಇದ್ದದ್ದು 14 ಆಯ್ತು, ಐದು ಮೀಟರ್ ತಾನೇ, ಇನ್ನೊಂದಿಷ್ಟು ಕಬ್ಬಿಣ ಹಾಕಿದರಾಯ್ತು ಅಂತ ನಿಮಗನಿಸಬಹುದು. ಅಲ್ಲೇ ಇರುವುದು ಕಿತಾಪತಿ. ತೊಲೆಯ ಪ್ರತಿ ಮೀಟರ್ ಮೇಲೆ ಅಷ್ಟೇ ಭಾರ ಇದ್ದಾಗ, ಅದನ್ನು ಬಗ್ಗಿಸುವ ಬಲ ಉದ್ದದ ವರ್ಗದಂತೆ ಏರುತ್ತದೆ. 9ರಿಂದ 14ಕ್ಕೆ ಹೋದರೆ ಹೆಚ್ಚುಕಮ್ಮಿ ಎರಡೂವರೆ ಪಟ್ಟು. ಅದೇ ತೊಲೆ ಇಟ್ಟುಕೊಂಡರೆ ಅದು ನಡುವೆ ಜೋಲುವುದು ಉದ್ದದ ನಾಲ್ಕನೇ ಘಾತದಂತೆ, ಅಂದರೆ ಹತ್ತಿರ ಹತ್ತಿರ ಆರು ಪಟ್ಟು. ತಂತ್ರಾಂಶದಲ್ಲಿ ಮಾತ್ರ ಇದು ಮೌಸ್ ಹಿಡಿದು ಸ್ವಲ್ಪ ಎಳೆಯುವ ಕೆಲಸ. ಸೇತುವೆ ರಬ್ಬರಿನ ಹಾಗೆ ಉದ್ದ ಆಗುತ್ತದೆ, ಬಣ್ಣ ಕೂಡ ಮಾಸುವುದಿಲ್ಲ.

ಇನ್ನು ಭಾರ. ನಮ್ಮ ದೇಶದ ರಸ್ತೆ ಸೇತುವೆಗಳಿಗೆ ನಿಯಮ ಬರೆಯುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಸಂಹಿತೆ, ನಡೆಯುವವರ ಜಾಗಕ್ಕೆ ಚದರ ಮೀಟರಿಗೆ 400 ಕಿಲೋ, ಜನ ಗುಂಪುಗೂಡುವ ಕಡೆ 500 ಕಿಲೋ ಹಿಡಿಯಬೇಕು ಅನ್ನುತ್ತದೆ. 14 ಮೀಟರಿಗೆ 1.2 ಮೀಟರ್ ಅಗಲ ಅಂದರೆ 8.4 ಟನ್. "ಅಷ್ಟು ಜನ ಯಾರು ಬರ್ತಾರೆ ಮಾರಾಯಾ, ದಿನಕ್ಕೆ ಇಪ್ಪತ್ತು ಜನ ಬಂದ್ರೆ ಹೆಚ್ಚು" ಅಂತ ನಕ್ಕರು. ಅಲ್ಲ, ನಡುವೆ ಸೆಲ್ಫಿ ಜಾಗ ಕೇಳಿದವರೂ ಇವರೇ ತಾನೇ! ಒಂದೇ ಭಾರ ಸೇತುವೆ ಉದ್ದಕ್ಕೂ ಹರಡಿಕೊಂಡಿರುವುದಕ್ಕೂ ನಟ್ಟನಡುವೆ ಗುಂಪಾಗಿ ನಿಲ್ಲುವುದಕ್ಕೂ ಬಗ್ಗಿಸುವ ಬಲದಲ್ಲಿ ಎರಡು ಪಟ್ಟು ವ್ಯತ್ಯಾಸ. ಒಂದು ಶಾಲಾ ಪ್ರವಾಸದ ಬಸ್ಸು ಬಂದು, ಮೇಷ್ಟ್ರು "ಎಲ್ಲ ಹತ್ರ ಹತ್ರ ನಿಂತ್ಕೊಳ್ರೋ" ಅಂದರೆ ಸಾಕು. 2025ರ ಜೂನ್ 15ರ ಭಾನುವಾರ ಪುಣೆ ಹತ್ತಿರದ ಕುಂಡಮಳದಲ್ಲಿ ಇಂದ್ರಾಯಣಿ ನದಿಯ ಹಳೇ ಕಬ್ಬಿಣದ ಸೇತುವೆ ಮುರಿದು ನಾಲ್ವರು ಸತ್ತರು. ಸೇತುವೆ ಮೇಲೆ ತುಂಬಿಕೊಂಡಿದ್ದವರು ಮಳೆಗಾಲದ ನೀರು ನೋಡಲು ಬಂದ ಪ್ರವಾಸಿಗರು. ವಾರದ ಆರು ದಿನ ಖಾಲಿ ಇರುವ ಸೇತುವೆಯ ಹಣೆಬರಹ ಏಳನೇ ದಿನ ಬರೆಯಲ್ಪಡುತ್ತದೆ, ಪ್ರವಾಸಿ ಜಾಗಗಳಲ್ಲಂತೂ ಹಾಗೇ.

ನಮ್ಮೂರವರನ್ನು ಮಾತ್ರ ಬೈಯುತ್ತಿದ್ದೀನಿ ಅಂದುಕೊಳ್ಳಬೇಡಿ. ಲಂಡನ್ನಿನ ಥೇಮ್ಸ್ ಮೇಲೆ ಮಿಲೇನಿಯಮ್ ಸೇತುವೆ ಅಂತ ಒಂದಿದೆ, ಅದೂ ಕಾಲುಸೇತುವೆಯೇ. 2000ದ ಜೂನ್ 10ರಂದು ತೆರೆದರು, ಎರಡೇ ದಿನಕ್ಕೆ ಮುಚ್ಚಿದರು. ಜಗತ್ತಿನ ದೊಡ್ಡ ಎಂಜಿನಿಯರಿಂಗ್ ಕಂಪನಿ, ಆ ಕಾಲದ ಒಳ್ಳೆಯ ತಂತ್ರಾಂಶ, ಎಲ್ಲ ಇತ್ತು. ಆದರೆ ಜನ ನಡೆಯುವಾಗ ಅಕ್ಕಪಕ್ಕಕ್ಕೂ ಸಣ್ಣಗೆ ತಳ್ಳುತ್ತಾರೆ, ಸೇತುವೆ ತುಸು ಓಲಾಡಿದರೆ ಗೊತ್ತಿಲ್ಲದೇ ಎಲ್ಲರೂ ಆ ಓಲಾಟಕ್ಕೇ ಹೆಜ್ಜೆ ಹೊಂದಿಸುತ್ತಾರೆ, ಆಗ ಓಲಾಟ ಇನ್ನೂ ಹೆಚ್ಚುತ್ತದೆ ಅನ್ನುವುದು ಅವರ ಲೆಕ್ಕದೊಳಗೆ ಸೇರಿರಲಿಲ್ಲ. ಸೇತುವೆ ಬೀಳಲಿಲ್ಲ ಬಿಡಿ. ಅಲುಗಾಟ ತಡೆಯುವ ಡ್ಯಾಂಪರುಗಳನ್ನು ಜೋಡಿಸಿ 2002ರ ಫೆಬ್ರವರಿಯಲ್ಲಿ ಮತ್ತೆ ತೆರೆದರು. ನಾವು ಸಾಫ್ಟ್‌ವೇರಿನವರು ಇದಕ್ಕೆ ಹೇಳುವುದು, ಟೆಸ್ಟ್ ಕೇಸ್ ಬರೆಯದ ಕಡೆಯೇ ಬಗ್ ಕೂತಿರುತ್ತೆ ಅಂತ. ಲಂಡನ್ನಿನವರಿಗೆ ಆ ಟೆಸ್ಟ್ ಕೇಸ್ ಮೊದಲೇ ಹೊಳೆಯಲಿಲ್ಲ. ನಮಗೋ, ಟೆಸ್ಟ್ ಕೇಸ್ ಪ್ರತಿ ವರ್ಷ ಜೂನಿನಲ್ಲಿ ಆಕಾಶದಿಂದ ಇಳಿದು ಬರುತ್ತದೆ, ಕೊಂಬೆಗೆ ತನ್ನ ಗುರುತು ನೇತುಹಾಕಿ ಹೋಗುತ್ತದೆ. ಆದರೂ ನೋಡುವುದಿಲ್ಲ.

ಕಟಾಂಜನದ ವಿಷಯ ಹೇಳಲೇಬೇಕು. ಚಿತ್ರದಲ್ಲಿ ಬಲೆಯಂಥ ಒತ್ತೊತ್ತಾದ ಕಟಾಂಜನ ಚಂದ ಕಾಣುತ್ತದೆ. ಮಳೆಗಾಲದ ಹಳ್ಳದಲ್ಲಿ ಬರೀ ನೀರು ಬರುವುದಿಲ್ಲ. ಬಿದ್ದ ಮರದ ದಿಮ್ಮಿ, ಬಿದಿರು ಮೆಳೆ, ಅಡಿಕೆ ಸೋಗೆ, ತೆಂಗಿನ ಮಡಲು ಎಲ್ಲ ಬರುತ್ತದೆ. ನೀರು ಹಲಗೆಯವರೆಗೆ ಏರಿದ ದಿನ ಇವೆಲ್ಲ ಆ ಕಟಾಂಜನಕ್ಕೆ ಸಿಕ್ಕಿ, ಸೇತುವೆ ಕಟ್ಟೆಯಾಗುತ್ತದೆ. ನೀರಿನ ವೇಗ ದುಪ್ಪಟ್ಟಾದರೆ ಅದು ತಳ್ಳುವ ಬಲ ನಾಲ್ಕು ಪಟ್ಟು. ಆಗ ಕೆಳಗಿನ ಪಾಯ ಕೊಚ್ಚಿಹೋಗಲು ಎಷ್ಟು ಹೊತ್ತು ಬೇಕು? ಅದಕ್ಕೇ ಹಲಗೆಯ ತಳ ಆ ಕಸದ ಗೆರೆಗಿಂತ ಸಾಕಷ್ಟು ಮೇಲಿರಬೇಕು. ಹಾಗೆ ಮೇಲೆತ್ತಿದರೆ ಸೇತುವೆ ಇನ್ನೂ ಉದ್ದ ಆಗುತ್ತೆ, ಎರಡೂ ಕಡೆ ಮೆಟ್ಟಿಲು ಬೇಕಾಗುತ್ತೆ, ಖರ್ಚು ಏರುತ್ತೆ, ಚಿತ್ರ ಕೆಡುತ್ತೆ. ಹಲಗೆ ಮರದ್ದಾದರೆ ಜುಲೈ ಹೊತ್ತಿಗೆ ಹಾವಸೆ ಕಟ್ಟಿ ಜಾರುಬಂಡೆ. ನಮ್ಮ ಮಕ್ಕಳಿಗೆ ಹಾವಸೆಯ ಮೇಲೆ ಹೆಬ್ಬೆರಳು ಊರಿ ನಡೆಯುವುದು ಗೊತ್ತು. ಸ್ಪೋರ್ಟ್ಸ್ ಶೂ ಹಾಕಿಕೊಂಡು ಬರುವವರಿಗೆ?

ಇದನ್ನೆಲ್ಲ ನಮ್ಮ ಸಂಕ ಹಾಕುವವರು ಲೆಕ್ಕ ಹಾಕಿಯೇ ಇದ್ದಾರೆ, ಬರೆದಿಟ್ಟಿಲ್ಲ ಅಷ್ಟೇ. ಅಡಿಕೆ ಮರ ಹೊರಗೆ ಗಟ್ಟಿ, ಒಳಗೆ ಮೆದು. ಭಾರ ಹೊರುವ ಶಕ್ತಿ ಎಲ್ಲಿ ಬೇಕೋ ಅಲ್ಲೇ ಇರುವ, ಪ್ರಕೃತಿಯೇ ಮಾಡಿಟ್ಟ ಪೈಪು ಅದು. ಎರಡು ಮೂರು ಮರ ಜೋಡಿಸಿ, ಹಿಡಿಕೆಗೆ ಒಂದೇ ಒಂದು ಬಿದಿರು. ಒಂದೇ ಯಾಕೆ? ಕಸ ಸಿಕ್ಕಬಾರದು. ನಮ್ಮ ಮನೆ ಹಿಂದಿನ ಸಂಕದ ಒಂದು ತುದಿಗೆ ಹಗ್ಗ ಹಾಕಿ ಮರಕ್ಕೆ ಕಟ್ಟಿರುತ್ತಿದ್ದರು. ನೆರೆ ಜೋರಾದರೆ ಸಂಕ ಎದ್ದು, ತಿರುಗಿ ದಡಕ್ಕೆ ಬಂದು ಒರಗಬೇಕು, ತೇಲಿಹೋಗಬಾರದು. ನೀರಿಳಿದ ಮೇಲೆ ಎಳೆದು ಮತ್ತೆ ಹಾಕುವುದು.

ಹಾಗಂತ ಸಂಕವೇ ಚಂದ, ಅದೇ ನಮ್ಮ ಸಂಸ್ಕೃತಿ, ಅದನ್ನೇ ಉಳಿಸಿಕೊಳ್ಳೋಣ ಅಂತ ಇನ್‌ಸ್ಟಾಗ್ರಾಮಿನಲ್ಲಿ ಬರೆಯುವವರನ್ನು ಕಂಡರೆ ನನಗೆ ಇನ್ನೂ ಸಿಟ್ಟು ಬರುತ್ತದೆ. 2022ರ ಆಗಸ್ಟಿನಲ್ಲಿ ಬೈಂದೂರು ತಾಲೂಕಿನ ಕಾಲ್ತೋಡಿನಲ್ಲಿ ಎರಡನೇ ಕ್ಲಾಸಿನ ಹುಡುಗಿಯೊಬ್ಬಳು ಶಾಲೆಯಿಂದ ಮನೆಗೆ ಬರುವಾಗ ಕಾಲುಸಂಕದಿಂದ ಹಳ್ಳಕ್ಕೆ ಬಿದ್ದು ತೀರಿಕೊಂಡಳು. ಘಟ್ಟದ ಮೇಲೂ ಕೆಳಗೂ ಪ್ರತಿ ಮಳೆಗಾಲ ತಾಯಂದಿರು ಎರಡು ಹೊತ್ತು ಸಂಕದ ಬುಡದಲ್ಲಿ ಕಾಯುತ್ತಾರೆ. ಬಗ್ಗಿ ನಡೆಯುವ ಮಕ್ಕಳ ಫೋಟೋಕ್ಕೆ ಲೈಕ್ ಒತ್ತುವವರಿಗೆ ಅದು ಕಾಣುವುದಿಲ್ಲ. ಸರಕಾರದಲ್ಲಿ ಶಾಲಾ ಸಂಪರ್ಕ ಸೇತು ಅಂತ ಯೋಜನೆಯೇ ಬಂತು. ಬಂದ ಕಡೆ ಬಂತು, ಬಾರದ ಕಡೆ ಅಡಿಕೆ ಮರವೇ ಗತಿ.

ಈಗ ನಿಜವಾದ ಜಗಳಕ್ಕೆ ಬರ್ತೀನಿ. ಟ್ರೇಲಿನ ಸೇತುವೆ ಗುರುತು ಮಾಡಿದ ಜಾಗದಿಂದ ಮುನ್ನೂರು ಮೀಟರ್ ಕೆಳಗೆ, ಅದೇ ಹಳ್ಳಕ್ಕೆ, ಇಂಥದ್ದೇ ಒಂದು ಸಂಕ ಇದೆ. ಆಚೆ ದಡದಲ್ಲಿ ಆರು ಮನೆ. ಶಾಲೆಗೆ, ಡೈರಿಗೆ, ಬಸ್ಸಿಗೆ ಅದೇ ದಾರಿ. ನಾನು ಹೇಳಿದ್ದು ಇಷ್ಟು: ಸೇತುವೆ ಅಲ್ಲಿ ಹಾಕಿ. ನಿಮ್ಮ ಟ್ರೇಲು ಮುನ್ನೂರು ಮೀಟರ್ ಸುತ್ತಿಕೊಂಡು ಹೋಗಲಿ, ನಡೆಯಲಿಕ್ಕೇ ಅಲ್ಲವಾ ಅವರು ಬರುವುದು? ಅಲ್ಲಿ ಎರಡೂ ದಡದಲ್ಲಿ ಗಟ್ಟಿ ಕಲ್ಲಿದೆ, ನಿಮ್ಮ ಜಾಗದಲ್ಲಿ ಬರೀ ಮೆಕ್ಕಲು ಮಣ್ಣು. ಎರಡೂ ಜಾಗದ ಮಾಡೆಲ್ ಮಾಡಿ, ಅಂಕಿ ಸಮೇತ ಅಕ್ಕಪಕ್ಕ ಇಟ್ಟು ತೋರಿಸಿದೆ. ಬಂದ ಉತ್ತರ ಇದು: "ಅಲ್ಲಿಂದ ಅಬ್ಬಿ ವ್ಯೂ ಬರಲ್ಲ. ಊರೋರಿಗೆ ಬೇರೆ ಸ್ಕೀಮ್ ಇದ್ಯಲ್ಲ." ಇದನ್ನು ಹೇಳಿದವರೂ ಊರವರೇ ಅನ್ನುವುದು ನನಗೆ ಇನ್ನೂ ಅರಗಿಲ್ಲ.

ಬೇರೆ ಸ್ಕೀಮ್ ಬರುವವರೆಗೆ ಕಾಯುವುದು ಅಂದರೆ ಏನು ಅಂತ ಶರಾವತಿ ಕಣಿವೆಯವರಿಗೆ ಪಾಠ ಹೇಳಬೇಕಾಗಿಲ್ಲ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಮುನ್ನೂರು ಚದರ ಕಿಲೋಮೀಟರಿಗೂ ಹೆಚ್ಚು ನೆಲ ನೀರಿನಡಿ ಹೋಯಿತು. ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟೇ ಮುಳುಗಿತು ಅಂದಮೇಲೆ ಗದ್ದೆ, ತೋಟ, ಕಾಲುದಾರಿಗಳ ಲೆಕ್ಕ ಯಾರು ಇಡ್ತಾರೆ? ನಾಡಿಗೆಲ್ಲ ಕರೆಂಟು ಹೋಯಿತು. ತುಮರಿ ಕಡೆಯವರು ಸಾಗರಕ್ಕೆ ಬರಬೇಕು ಅಂದರೆ ಲಾಂಚು, ಲಾಂಚು ನಿಂತರೆ ಊರು ಸುತ್ತುವ ದಾರಿ. ಅಂಬಾರಗೋಡ್ಲು ಕಳಸವಳ್ಳಿ ನಡುವಿನ ಸಿಗಂದೂರು ಸೇತುವೆ ತೆರೆದದ್ದು 2025ರ ಜುಲೈ 14ಕ್ಕೆ. ನಡುವೆ 61 ವರ್ಷ. ಎರಡೂವರೆ ಕಿಲೋಮೀಟರಿಗೆ ಹತ್ತಿರದ ಆ ಸೇತುವೆ ನೋಡಿ ನನಗೂ ಹೆಮ್ಮೆಯಾಯಿತು, ಸುಳ್ಳಲ್ಲ. ಅದು ಬೇಕು ಅಂತ ಕೇಳಿ ಕೇಳಿ ಸುಸ್ತಾಗಿ, ನೋಡದೇ ಹೋದ ಅಜ್ಜಂದಿರು ಎಷ್ಟು ಜನ ಅನ್ನುವುದೂ ಆವತ್ತೇ ನೆನಪಾಯಿತು.

"ಹಣ ಟೂರಿಸಂ ಹೆಸರಲ್ಲಿ ಬರ್ತದೆ, ಸಂಕದ ಹೆಸರಲ್ಲಿ ಬರಲ್ಲ" ಅನ್ನುತ್ತಾರೆ. ಇರಬಹುದು. ಹಣ ಯಾವ ಹೆಸರಲ್ಲಾದರೂ ಬರಲಿ, ಕಬ್ಬಿಣಕ್ಕೆ ಹೆಸರು ಓದಲು ಬರುವುದಿಲ್ಲ. ಟೂರಿಸಂ ಸೇತುವೆಯ ಮೇಲೆ ಮಕ್ಕಳು ಶಾಲೆಗೆ ಹೋದರೆ ಯಾವ ಆಡಿಟ್ಟಿನವರು ಬಂದು ಹಿಡಿಯುತ್ತಾರೆ? ಕಾಡಿನಲ್ಲಿ ಕಟ್ಟಡವೇ ಬೇಡ ಅನ್ನುವ ಪರಿಸರದವರ ಮಾತನ್ನೂ ಕೇಳಿದ್ದೇನೆ, ಅದರಲ್ಲಿ ನ್ಯಾಯ ಇದೆ. 1972ರಲ್ಲಿ ಆದ ಶರಾವತಿ ಕಣಿವೆ ಅಭಯಾರಣ್ಯವನ್ನು 2019ರಲ್ಲಿ ಸಿಂಗಳೀಕಗಳ ಹೆಸರು ಸೇರಿಸಿ ದೊಡ್ಡದು ಮಾಡಿದ್ದಾರೆ. ಸುತ್ತಮುತ್ತ ಎಲ್ಲೇ ಆಗಲಿ ಕಾಡಿಗೆ ಹೊಡೆಯುವ ಮೊಳೆ ಕಮ್ಮಿ ಇದ್ದಷ್ಟೂ ಒಳ್ಳೆಯದು. ಹಾಗಾದರೆ ಒಂದೇ ಹಳ್ಳಕ್ಕೆ ಚಂದಕ್ಕೊಂದು, ಬದುಕಿಗೊಂದು ಅಂತ ಎರಡು ಯಾಕೆ?

ಕೆಲಸ ಶುರು ಮಾಡುವ ರೀತಿಗೆ ನಮ್ಮ ನಾಡಿನಲ್ಲೇ ಉದಾಹರಣೆ ಇದೆ. ಸುಳ್ಯದ ಗಿರೀಶ್ ಭಾರದ್ವಾಜ್ ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗು. 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ಮೊದಲ ತೂಗುಸೇತುವೆ ಕಟ್ಟಿದರು. ಆಮೇಲೆ ನೂರಕ್ಕೂ ಹೆಚ್ಚು ಕಟ್ಟಿದರು, 2017ರಲ್ಲಿ ಪದ್ಮಶ್ರೀ ಬಂತು. ಆ ಮೊದಲ ಸೇತುವೆ ಹುಟ್ಟಿದ್ದು ಹೊಳೆ ದಾಟಲಾಗದ ಊರಿನ ಜನ ಬಂದು ಕೇಳಿದ್ದರಿಂದ. ಯಾರು ದಾಟುತ್ತಾರೆ ಅನ್ನುವ ಪ್ರಶ್ನೆಗೆ ಉತ್ತರ ಸಿಕ್ಕಮೇಲೆ ಹಗ್ಗ, ಗೋಪುರ, ಹಲಗೆ. ನಮ್ಮದು ತಿರುಗಾಮುರುಗಾ. ಮೊದಲು ಮಂಜು, ಆಮೇಲೆ ಹಲಗೆ, ಕೊನೆಗೆ ಸಮಯ ಉಳಿದರೆ ಜನ.

ನನಗೆ ತಂತ್ರಾಂಶದ ಮೇಲೆ ಸಿಟ್ಟಿಲ್ಲ, ಅದು ನನ್ನ ಅನ್ನ. ಅದು ಊರವರ ಕೈಗೆ ಬರಬೇಕು ಅನ್ನುವುದೇ ನನ್ನ ಆಸೆ. ಹೈಸ್ಕೂಲು ಮಕ್ಕಳಿಗೆ ಫ್ರೀಕ್ಯಾಡ್ ಕಲಿಸಲು ಒಂದು ವಾರ ಸಾಕು. ಮಳೆಗಾಲದಲ್ಲಿ ತಮ್ಮ ತಮ್ಮ ಸಂಕದ ಹತ್ತಿರ ಮರಕ್ಕೆ ಬಣ್ಣ ಬಳಿದು ನೀರಿನ ಮಟ್ಟ ಗುರುತು ಹಾಕಲಿ, ಅಗಲ ಅಳೆಯಲಿ, ದಿನಾ ದಾಟುವವರ ತಲೆ ಎಣಿಸಲಿ. ಗ್ರಾಮಸಭೆಯಲ್ಲಿ ಅದನ್ನೇ ಪರದೆಯ ಮೇಲೆ ಹಾಕಿ ತೋರಿಸಲಿ, ಜುಲೈ ತಿಂಗಳ ಕೆಂಪು ನೀರಿನ ಸಮೇತ. ನಾಳೆ ಯಾರಾದರೂ ಬಣ್ಣದ ಚಿತ್ರ ಹಿಡಿದುಕೊಂಡು ಬಂದರೆ, ಯಾವ ತಿಂಗಳಲ್ಲಿ ಅಳೆದಿರಿ, ನೆರೆಯ ಗೆರೆ ಎಲ್ಲಿದೆ, ಲೆಕ್ಕಕ್ಕೆ ಸಹಿ ಹಾಕಿದ ಸ್ಟ್ರಕ್ಚರಲ್ ಎಂಜಿನಿಯರ್ ಯಾರು ಅಂತ ಅದೇ ಮಕ್ಕಳು ಕೇಳಲಿ.

ಟ್ರೇಲಿನ ಕಡತ ಸದ್ಯಕ್ಕೆ ಎಲ್ಲೋ ನಿಂತಿದೆ. ಚಿತ್ರ ಬೇರೆಯವರಿಂದ ಮಾಡಿಸಿಕೊಂಡರಂತೆ, ನನಗಿಂತ ಚೆನ್ನಾಗಿ ಮಂಜು ಹಾಕಿದ್ದಾರೆ. ಕೆಳಗಿನ ಸಂಕದ ಜಾಗಕ್ಕೆ ನಾನು ಮಾಡಿದ ಮಾಡೆಲ್, ಅಳತೆ, ಗೆಳೆಯನ ಲೆಕ್ಕದ ಹಾಳೆ ಎಲ್ಲ ನನ್ನ ಹತ್ತಿರ ಇವೆ. ದುಡ್ಡು ಬೇಡ, ಕೇಳಿದವರಿಗೆ ಕೊಡ್ತೀನಿ. ಜಾಗ ನೋಡಬೇಕು ಅನ್ನುವವರು ಮಳೆ ಹಿಡಿದ ಮೇಲೆ, ಜುಲೈನಲ್ಲಿ ಬನ್ನಿ. ಆ ಆರು ಮನೆಯವರ ಜೊತೆ ಒಂದು ಸಲ ದಾಟಿ, ಆಮೇಲೆ ವ್ಯೂ ಬಗ್ಗೆ ಮಾತಾಡೋಣ.